ಅಳತೆ ಕೊಡಲು ವಿಜಿಯೇ ಬರಬೇಕು

ಬ್ಯಾಂಕಿನವರ ಮನೆಗೆ ವರ್ಗಾವಣೆಯ ಆರ್ಡರ್ ಬಂತೆಂದರೆ ಏಳುವ ಪ್ರಶ್ನೆಗಳು ಎಲ್ಲ ಕಡೆಯೂ ಒಂದೇ. ಮಕ್ಕಳ ಸ್ಕೂಲು ಏನು, ಗ್ಯಾಸ್ ಸಿಲಿಂಡರ್ ಏನು, ಬಾಡಿಗೆ ಮನೆ ಸಿಗುತ್ತದೋ ಇಲ್ಲವೋ. ನಮ್ಮ ಕೆಳಗಿನ ಮನೆಯ ರತ್ನಮ್ಮ ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು.

"ಇಂದಿರಮ್ಮ, ಇನ್ಮೇಲೆ ನಮ್ಮ ವಿಜಿನ ಕಾಲೇಜಿಗೆ ಕರ್ಕೊಂಡು ಹೋಗೋರು ಯಾರು?"

ಇದು ೧೯೯೩ರ ಮಾತು. ವಿಜಯವಾಡದ ಪಟಮಟದಲ್ಲಿ ಒಂದೇ ಕಟ್ಟಡದಲ್ಲಿದ್ದೆವು. ಮೇಲಿನ ಮನೆಯಲ್ಲಿ ನಾವು, ಕೆಳಗೆ ರತ್ನಮ್ಮ ಮತ್ತು ಅವರ ಯಜಮಾನರು ಉಮಾಶಂಕರ. ಇಬ್ಬರೂ ಹಾಸನದ ಕಡೆಯವರು. ಅವರ ಒಬ್ಬಳೇ ಮಗಳು ವಿಜಯಲಕ್ಷ್ಮೀ, ಎಲ್ಲರ ಬಾಯಲ್ಲೂ ವಿಜಿ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಎಡಗಾಲು ಪೂರ್ತಿ ಸೋತಿತ್ತು, ಬಲಗಾಲಿನಲ್ಲಿ ಅರ್ಧ ಶಕ್ತಿ ಉಳಿದಿತ್ತು. ಎಡಗಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಎರಡು ಊರುಗೋಲು ಹಿಡಿದು ಮನೆಯೊಳಗೂ ಕಾಲೇಜಿನೊಳಗೂ ಚೆನ್ನಾಗಿಯೇ ಓಡಾಡುತ್ತಿದ್ದಳು. ನಡುವಿನ ನಾಲ್ಕು ಕಿಲೋಮೀಟರಿಗೆ ಅಪ್ಪನ ಸ್ಕೂಟರೇ ಗತಿ.

ದಿನಾ ಬೆಳಿಗ್ಗೆ ಉಮಾಶಂಕರ ಮಗಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ, "ಗಟ್ಟಿಯಾಗಿ ಹಿಡ್ಕೋ ಮಗಳೇ" ಎನ್ನುತ್ತಿದ್ದರು. ಈಗ ಅವರನ್ನು ಊರಾಚೆಯ ಗನ್ನವರಂ ಶಾಖೆಗೆ ಹಾಕಿದ್ದರು. ಏಳೂವರೆಯ ಬಸ್ಸು ಹಿಡಿಯಬೇಕು. ಕಾಲೇಜು ಹತ್ತಕ್ಕೆ.

"ರಿಕ್ಷಾದಲ್ಲಿ ಕಳಿಸಿ" ಎಂದೆ ನಾನು.

"ಬೆಳೆದ ಹುಡುಗೀನ ರಿಕ್ಷಾದವನು ದಿನಾ ಎತ್ತಿ ಕೂರಿಸ್ತಾನಾ? ನನಗೆ ಮನಸ್ಸು ಒಪ್ಪಲ್ಲ ಕಣ್ರೀ."

ಆಗ ನಾನು ಒಂದು ಮಾತು ಆಡಿದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. "ಹಾಗಾದ್ರೆ ಓದಿದ್ದು ಸಾಕು ಬಿಡಿ ರತ್ನಮ್ಮ. ಮನೇಲಿ ಹಾಯಾಗಿರ್ತಾಳೆ. ಪಾಪ, ಅವಳಿಗೆ ಯಾಕೆ ಈ ಕಷ್ಟ?"

ಕಿಟಕಿಯ ಒಳಗೆ ವಿಜಿ ಗಣಿತದ ಪುಸ್ತಕ ಹಿಡಿದು ಕೂತಿದ್ದಳು. ನಾವು ನೋಡಿರಲಿಲ್ಲ.

"ಆಂಟೀ, ನಿಮ್ಮ ಬಾಲಚಂದ್ರನಿಗೂ ನನ್ನಷ್ಟೇ ಹದಿನೆಂಟು. ಅವನನ್ನೂ ಮನೇಲಿ ಹಾಯಾಗಿ ಕೂರಿಸ್ತೀರಾ?"

ಅವಳು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಳು. ಡಿಗ್ರಿ ಮುಗಿಸಿ, ಕಂಪ್ಯೂಟರ್ ಕಲಿತು, ಕೆಲಸಕ್ಕೆ ಸೇರಬೇಕು ಎಂಬ ಹಠ ಅವಳದು. ಆ ಹಠವೆಲ್ಲ ಈಗ ಏಳೂವರೆಯ ಬಸ್ಸಿನ ಕೆಳಗೆ ಸಿಕ್ಕಿಕೊಂಡಿತ್ತು.

ಆ ಶನಿವಾರ ಭ್ರಮರಾಂಬ ಗಾರು ಬಂದರು. ವಿಜಿಯ ಕಾಲಿಗೆ ವ್ಯಾಯಾಮ ಮಾಡಿಸಿ, ಕ್ಯಾಲಿಪರಿನ ಪಟ್ಟಿ ಸರಿ ಮಾಡಿಕೊಡುವುದು ಅವರ ಕೆಲಸ. ಹೊಸಪೇಟೆಯಲ್ಲಿ ನಾಲ್ಕು ವರ್ಷ ಇದ್ದದ್ದರಿಂದ ಕನ್ನಡ ಸಲೀಸು. ಎಲ್ಲ ಕೇಳಿಸಿಕೊಂಡು ನಕ್ಕರು.

"ಇದಕ್ಕಾ ಇಷ್ಟು ಅಳು? ವಿಜಿಗೇ ಒಂದು ಗಾಡಿ ಕೊಡಿಸಿ. ಗೇರ್ ಇಲ್ಲದ ಸ್ಕೂಟರು. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಇನ್ನೆರಡು ಚಕ್ರ ಹಾಕಿಸಿದ್ರೆ ಆಯ್ತು. ನಿಂತಾಗ ಕಾಲು ಊರೋ ಅಗತ್ಯಾನೇ ಇಲ್ಲ. ಬಟನ್ ಒತ್ತಿದ್ರೆ ಸ್ಟಾರ್ಟು. ಬ್ರೇಕು ಎರಡೂ ಕೈಯಲ್ಲೇ."

"ಅಯ್ಯೋ, ಬೇಡಪ್ಪ!" ರತ್ನಮ್ಮ ಎದೆ ಮುಟ್ಟಿಕೊಂಡರು. "ಬಂದರ್ ರೋಡಲ್ಲಿ ಆ ಲಾರಿಗಳ ಮಧ್ಯೆ ನನ್ನ ಮಗಳಾ? ಬಿದ್ರೆ ಏನು ಗತಿ?"

"ಬೀಳಬಹುದು. ನಿಮ್ಮ ಯಜಮಾನರು ಬಿದ್ದಿಲ್ವಾ?"

ಬಿದ್ದಿದ್ದರು. ಹೋದ ದಸರಾದಲ್ಲಿ ಬೆಂಜ್ ಸರ್ಕಲ್ಲಿನಲ್ಲಿ ಬಿದ್ದು ಹದಿನೈದು ದಿನ ಕುಂಟಿದ್ದರು. ಯಾರೂ ಅವರ ಸ್ಕೂಟರನ್ನು ಕಿತ್ತುಕೊಂಡಿರಲಿಲ್ಲ.

ಮೂಲೆಯಲ್ಲಿ ಪೇಪರ್ ಓದುತ್ತಿರುವ ಹಾಗೆ ಕೂತಿದ್ದ ಉಮಾಶಂಕರ ಪೇಪರ್ ಮಡಚಿಟ್ಟರು. ಮಾರನೇ ವಾರ ಒಂದು ಹಳೇ ಸ್ಕೂಟರ್ ಕೊಂಡು, ಮನೆಗೂ ತರದೆ ನೇರವಾಗಿ ಆಟೋನಗರ್‌ಗೆ ಹೋದರು. ಅಲ್ಲಿ ದುರ್ಗಾಪ್ರಸಾದ್ ಎಂಬ ಮೆಕ್ಯಾನಿಕ್ಕಿನ ಶೆಡ್ಡು. ಮೂರು ದಿನ ಸಂಜೆ ಅಲ್ಲೇ ನಿಂತು, ತಾವೇ ಗಾಡಿ ಮೇಲೆ ಕೂತು, ಇಳಿದು, ಮತ್ತೆ ಕೂತು ಕೆಲಸ ಮಾಡಿಸಿದರು. ಮಗಳಿಗೆ ಗೊತ್ತಾಗಬಾರದು, ಒಮ್ಮೆಲೇ ತಂದು ನಿಲ್ಲಿಸಬೇಕು ಎಂಬ ಆಸೆ. ತಂದೆಯ ಪ್ರೀತಿ, ತಪ್ಪೆನ್ನಲಾರೆ.

ಭಾನುವಾರ ಬೆಳಿಗ್ಗೆ ಗಾಡಿ ಬಂತು. ಹೊಸ ಬಣ್ಣ, ಹ್ಯಾಂಡಲ್ಲಿಗೆ ಚೆಂಡು ಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು. ಬೀದಿಯವರೆಲ್ಲ ನೆರೆದರು. ವಿಜಿಯ ಮುಖ ಅರಳಿದ್ದನ್ನು ನೋಡಬೇಕಿತ್ತು.

ಆದರೆ ಅವಳಿಗೆ ಗಾಡಿ ಹತ್ತಲಿಕ್ಕೇ ಆಗಲಿಲ್ಲ.

ಹತ್ತುವ ಮೆಟ್ಟಿಲನ್ನು ಎಡಗಡೆ ಹಾಕಿಸಿದ್ದರು, ಎಲ್ಲರೂ ಎಡಗಡೆಯಿಂದ ತಾನೇ ಹತ್ತುವುದು? ವಿಜಿಗೆ ಅಷ್ಟೋ ಇಷ್ಟೋ ಶಕ್ತಿ ಇರುವುದು ಬಲಗಾಲಿನಲ್ಲಿ, ಅವಳು ಬಲಗಡೆಯಿಂದ ಹತ್ತಬೇಕು. ಕೊನೆಗೆ ಅಪ್ಪನೇ ಎತ್ತಿ ಕೂರಿಸಿದರು. ಬ್ರೇಕು ಹಿಡಿಯಲು ಅವಳು ಮುಂದಕ್ಕೆ ಬಾಗಬೇಕಾಯಿತು. ಪಕ್ಕದ ಚಕ್ರಗಳ ಸ್ಪ್ರಿಂಗು ಎಷ್ಟು ಬಿಗಿಯಿತ್ತೆಂದರೆ, ಬೀದಿಯ ಮೊದಲ ಗುಂಡಿಗೇ ಗಾಡಿ ಎಗರಿ ಅವಳನ್ನು ಪಕ್ಕಕ್ಕೆ ಎಸೆಯಿತು. ಮೊಣಕೈ ತರಚಿ ರಕ್ತ ಬಂತು.

"ನಾನು ಹೇಳ್ಲಿಲ್ವಾ?" ಎಂದು ರತ್ನಮ್ಮ ಅತ್ತರು. ನಾನೂ ತಲೆಯಾಡಿಸಿದೆ. ಉಮಾಶಂಕರ ಬಿಳಿಚಿಕೊಂಡಿದ್ದರು. "ನಾಳೇನೇ ಮಾರಿಬಿಡ್ತೀನಿ. ಕಾಲೇಜು ಬೇಡ, ಏನೂ ಬೇಡ. ನೀನು ಬದುಕಿದ್ರೆ ಸಾಕು."

ಇಲ್ಲಿ ಉಮಾಶಂಕರ ಅವರ ಬಗ್ಗೆ ಒಂದು ವಿಷಯ ಹೇಳಬೇಕು. ಬ್ಯಾಂಕಿನಲ್ಲಿ ಅವರದು ಒಂದೇ ಮಂತ್ರ: ಖಾತೆದಾರರು ಖುದ್ದಾಗಿ ಬರಬೇಕು. ಒಮ್ಮೆ ನಮ್ಮ ಯಜಮಾನರಿಗೆ ಜ್ವರ ಎಂದು ಅವರ ಕಾಗದ ಹಿಡಿದು ನಾನು ಹೋಗಿದ್ದೆ. ಮೇಲಿನ ಮನೆಯವಳು, ದಿನಾ ಮುಖ ನೋಡುವವಳು. "ಕ್ಷಮಿಸಿ ಇಂದಿರಮ್ಮನವರೇ, ಅವರೇ ಬರಬೇಕು" ಎಂದು ನಗುತ್ತಲೇ ವಾಪಸು ಕಳಿಸಿದರು. ಒಂದು ತಿಂಗಳು ಅವರ ಮನೆಗೆ ನಾನು ಸಾರಿನ ಪುಡಿ ಕೊಡಲಿಲ್ಲ.

ವಿಜಿ ನೆಲದ ಮೇಲೇ ಕೂತು, ಮೊಣಕೈಯನ್ನು ಲಂಗದ ಅಂಚಿನಿಂದ ಒರೆಸಿಕೊಂಡು ಕೇಳಿದಳು.

"ಅಪ್ಪಾ, ಆಟೋನಗರ್‌ನಲ್ಲಿ ಗಾಡಿ ಮೇಲೆ ಕೂತು ಅಳತೆ ಕೊಟ್ಟಿದ್ದು ಯಾರು?"

"ನಾನೇ ಕಣಮ್ಮ. ಇನ್ಯಾರು?"

"ನೀವು ಎಂಬತ್ತು ಕಿಲೋ ಇದೀರ, ನಾನು ಮೂವತ್ತೆಂಟು. ನಿಮ್ಮ ಬ್ಯಾಂಕಲ್ಲಿ ಖಾತೆದಾರರು ಖುದ್ದಾಗಿ ಬರಬೇಕು ಅಂತೀರಲ್ಲ, ಈ ಗಾಡಿ ಓಡಿಸೋಳು ನಾನು. ನನ್ನನ್ನ ಯಾಕೆ ಕರೀಲಿಲ್ಲ?"

ಉಮಾಶಂಕರ ಅಲ್ಲೇ ಮನೆಯ ಮೆಟ್ಟಿಲ ಮೇಲೆ ಕೂತರು. "ತಪ್ಪಾಯ್ತು ಮಗಳೇ" ಎಂದರು. ಅಪ್ಪನೊಬ್ಬ ಮಗಳಿಗೆ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕಣ್ಣು ಒದ್ದೆಯಾಯಿತು.

ಮರುದಿನ ಸಂಜೆ ವಿಜಿಯೇ ಶೆಡ್ಡಿಗೆ ಹೋದಳು. ಅಪ್ಪ ಮತ್ತು ಭ್ರಮರಾಂಬ ಗಾರು ಜೊತೆಗೆ. ಏನಾಗುತ್ತದೋ ನೋಡೋಣ ಎಂದು ನಾನೂ ಹೋದೆ. ಲಾರಿಗಳ ಗ್ರೀಸು, ವೆಲ್ಡಿಂಗಿನ ಕಿಡಿ, ಸುತ್ತಿಗೆಯ ಸದ್ದು. ದುರ್ಗಾಪ್ರಸಾದ್ ಕೈ ಒರೆಸಿಕೊಂಡು ಒಂದು ಸ್ಟೂಲು ಎಳೆದು ಹಾಕಿದ.

"ಮೊದಲೇ ಈ ಅಮ್ಮಾಯಿನ ಕರ್ಕೊಂಡು ಬರಬೇಕಿತ್ತು ಸಾರ್" ಎಂದ ತೆಲುಗಿನಲ್ಲಿ. "ನೀವು ಕೂತು ತೋರಿಸಿದ ಹಾಗೆ ನಾನು ಮಾಡಿದೆ. ಹೇಳಮ್ಮಾ, ನಿನಗೆ ಹೇಗೆ ಬೇಕು?"

ವಿಜಿ ತೆಲುಗಿನಲ್ಲೇ ಪಟಪಟ ಹೇಳುತ್ತಾ ಹೋದಳು. ಮೆಟ್ಟಿಲು ಬಲಗಡೆಗೆ. ಸೀಟು ಒಂದು ಗೇಣು ಮುಂದಕ್ಕೆ, ಬೆನ್ನಿಗೆ ಒರಗು. ಸ್ಪ್ರಿಂಗು ಅವಳ ತೂಕಕ್ಕೆ ತಕ್ಕಂತೆ. ಮಡಿಸಲಾಗದ ಎಡಗಾಲು ಚಾಚಿಕೊಳ್ಳಲು ಮುಂದೆ ಒಂದು ಉದ್ದನೆಯ ತಗಡು. ಊರುಗೋಲು ಸಿಕ್ಕಿಸಲು ಕೈಗೆಟುಕುವಲ್ಲಿ ಎರಡು ಕೊಕ್ಕೆ. ಆ ಕೊಕ್ಕೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ಊರುಗೋಲಿಲ್ಲದೆ ಕಾಲೇಜಿನ ಮುಂದೆ ಇಳಿದು ಅವಳು ಏನು ಮಾಡಬೇಕಿತ್ತು?

ಎರಡು ವಾರ ಆಟೋನಗರ್‌ನ ಖಾಲಿ ರಸ್ತೆಯಲ್ಲಿ, ಶೆಡ್ಡುಗಳು ಮುಚ್ಚಿರುವ ದಿನ ನೋಡಿಕೊಂಡು ಕಲಿತಳು. ವೈದ್ಯರ ಸರ್ಟಿಫಿಕೇಟು, ಗಾಡಿ ಬದಲಾಯಿಸಿದ ಕಾಗದ ಎಲ್ಲ ಹಿಡಿದು ಲೈಸೆನ್ಸಿಗೆ ಹೋದಾಗ ಅಭ್ಯಾಸಬಲದಿಂದ ಉಮಾಶಂಕರ ಪೆನ್ನು ತೆಗೆದರಂತೆ. ವಿಜಿ ಮೆಲ್ಲಗೆ ಪೆನ್ನನ್ನು ಅವರ ಕೈಯಿಂದ ಇಸಿದುಕೊಂಡು ತಾನೇ ಸಹಿ ಮಾಡಿದಳಂತೆ.

ಮೊದಲ ದಿನ ಅವಳು ಒಬ್ಬಳೇ ಕಾಲೇಜಿಗೆ ಹೊರಟಾಗ ರತ್ನಮ್ಮ ಸಂಜೆಯವರೆಗೆ ಊಟ ಮುಟ್ಟಲಿಲ್ಲ. ಗೇಟಿನ ಬಳಿ ಹಾರನ್ ಕೇಳಿದ ಮೇಲೆ ಮೂರು ಸಲ ಹುಳಿ ಹಾಕಿಸಿಕೊಂಡರು.

ಮಳೆಗಾಲದಲ್ಲಿ ಒಂದು ಸಂಜೆ ಗನ್ನವರಂ ಬಸ್ಸು ಬೆಂಜ್ ಸರ್ಕಲ್ಲಿನಲ್ಲೇ ಕೆಟ್ಟು ನಿಂತಿತು. ಉಮಾಶಂಕರ ಕೊಡೆ ಇಲ್ಲದೆ ಅಂಗಡಿ ಸೂರಿನ ಕೆಳಗೆ ನಿಂತಿದ್ದರು. ಕಂಪ್ಯೂಟರ್ ಕ್ಲಾಸು ಮುಗಿಸಿ ಬರುತ್ತಿದ್ದ ವಿಜಿ ಗಾಡಿ ನಿಲ್ಲಿಸಿದಳು. ಅವರು ಹಿಂದಿನ ಸೀಟಿನಲ್ಲಿ ಕೂತರು. ಅವರ ಸ್ಕೂಟರಿನಲ್ಲಿ ಇಷ್ಟು ವರ್ಷ ಅವಳು ಕೂತಿದ್ದ ಜಾಗ ಅದು.

"ಅಪ್ಪಾ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು.

ಮನೆಗೆ ಬಂದು ಒದ್ದೆ ಅಂಗಿಯಲ್ಲೇ ನಿಂತು ಇದನ್ನು ಹೇಳಿದರು. "ದಾರಿಯುದ್ದಕ್ಕೂ ನಾನು ಬ್ರೇಕು ಹಾಕು ಅಂತ ಒಂದು ಸಲಾನೂ ಅನ್ಲಿಲ್ಲ ಇಂದಿರಮ್ಮನವರೇ. ಅನ್ನೋ ಪ್ರಸಂಗಾನೇ ಬರಲಿಲ್ಲ."

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಗು ಬೆಳೆದು ನಿಂತಿರಬಹುದು. ನಡೆಯಲಾಗದವರಿಗೆ ಗಾಡಿ ಇದೆ. ಕೇಳದವರಿಗೆ ಕಿವಿಯ ಯಂತ್ರ ಇದೆ. ಕಾಣದವರಿಗೆ ಪಾಠ ತುಂಬಿದ ಕ್ಯಾಸೆಟ್ಟು ಇದೆ. ಕೈ ನಡುಗಿ ಬರೆಯಲಾಗದವರಿಗೆ ಟೈಪ್‌ರೈಟರು, ಕಂಪ್ಯೂಟರು ಇವೆ. ನಿಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ವಿಚಾರಿಸಿ. ನನ್ನ ಹಾಗೆ "ಪಾಪ" ಎಂದು ಹೇಳಿ ಬಾಗಿಲು ಹಾಕಬೇಡಿ. ಗಾಡಿಯ ಲೈಸೆನ್ಸಿಗೆ ವಯಸ್ಸಾಗಬೇಕು ನಿಜ, ಉಳಿದದ್ದಕ್ಕೆ ಹದಿನೆಂಟು ತುಂಬುವ ತನಕ ಕಾಯಬೇಡಿ.

ಆದರೆ ಏನೇ ತರುವುದಾದರೂ ಅಳತೆ ಕೊಡಲು ನೀವೊಬ್ಬರೇ ಹೋಗಬೇಡಿ. ಮಗಳನ್ನು ಕರೆದುಕೊಂಡು ಹೋಗಿ, ಮಗನನ್ನು ಕರೆದುಕೊಂಡು ಹೋಗಿ. ಸ್ಟೂಲು ಎಳೆದು ಕೂರಿಸಿ, "ನಿನಗೆ ಹೇಗೆ ಬೇಕು?" ಎಂದು ಕೇಳಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಹೇಳುವುದನ್ನು ಕೇಳಿಸಿಕೊಳ್ಳಿ.