ಕುಂಕುಮ ತೆಗೆಯುವ ಕೆಲಸ

"ನಿಮ್ ಯಜಮಾನ್ರು ತೀರ್ಕೊಂಡು ಎಷ್ಟ್ ವರ್ಸಾಯ್ತವ್ವ?"

ಊರಿನ ಮುದುಕಿ ಪುಟ್ಟಗೌರಮ್ಮ ಕೇಳಿದ ಮೇಲೆಯೇ ಪದ್ಮಳ ಕೈ ತನ್ನ ಹಣೆಯತ್ತ ಹೋಯಿತು. ಬೋಳು. ಕುಂಕುಮ ಬಿಟ್ಟದ್ದು ಯಾವ ದುಃಖಕ್ಕೂ ಅಲ್ಲ, ಚರ್ಮ ಕೆರೆಯುತ್ತಿತ್ತು. ತಾಳಿ ಬೀರುವಿನಲ್ಲಿತ್ತು. ಗಂಡ ಸುಧೀಂದ್ರ ಶ್ರೀರಂಗಪಟ್ಟಣದ ಮನೆಯಲ್ಲಿ ಈ ಹೊತ್ತಿಗೆ ಪೇಪರು ಮಡಿಸಿಟ್ಟು ಸ್ನಾನಕ್ಕೆ ಏಳುತ್ತಿರಬೇಕು.

ಎದುರಿಗೆ ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳೊಬ್ಬಳ ನೆನಪಿಗೆ ನಿಲ್ಲಿಸಿದ್ದು. ನಾಗಮಂಗಲದ ಕಡೆಯ ಆ ರಸ್ತೆ ಅಗಲವಾಗಲಿತ್ತು. ಕಲ್ಲನ್ನು ಪದ್ಮ ಕೆಲಸ ಮಾಡುವ ಮ್ಯೂಸಿಯಮ್ಮಿಗೆ ಕೊಡಲು ಊರು ಒಪ್ಪಿತ್ತು. ಆದರೆ ಮ್ಯೂಸಿಯಮ್ಮಿಗೆ ಬರುವ ಕಲ್ಲಿನ ಮೇಲೆ ಅರಿಶಿನ ಕುಂಕುಮ ಇರಕೂಡದು. ಮೊದಲು ಅದನ್ನು ತೆಗೆದು ಅಳತೆ, ಫೋಟೊ ಆಗಬೇಕು.

ತೊಡಕಾದದ್ದು ಅಲ್ಲೇ. ಕುಂಕುಮ ಒರೆಸುವುದು ಗಂಡ ಸತ್ತವರ ಕೆಲಸ.

"ನನ್ ಕೈ ನಡುಗ್ತದೆ. ನೀವೂ ನಮ್ಮಂಗೇ ಅಲ್ವಾ, ನೀವೇ ತೆಗೀರಿ," ಎಂದಳು ಪುಟ್ಟಗೌರಮ್ಮ. "ಮುತ್ತೈದೆ ಮುಟ್ಟುದ್ರೆ ಗಂಡುಂಗೆ ಕೇಡು. ಮುಟ್ಟಕ್ಕೂ ಬುಡಾಕಿಲ್ಲ ನಾವು."

ಡ್ರೈವರ್ ತಮ್ಮಯ್ಯ ಬಾಯಿ ತೆರೆದ. ಸುಧೀಂದ್ರನನ್ನು ಎಷ್ಟೋ ಸಲ ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬಂದವನು. ಪದ್ಮ ಅವನತ್ತ ನೋಡಲಿಲ್ಲ.

ಗಂಡ ಇದ್ದಾರೆ ಎಂದರೆ ಮುಗಿಯಿತು. ಕಲ್ಲು ಇಲ್ಲೇ ಉಳಿಯುತ್ತದೆ, ನಾಳೆ ಜೆಸಿಬಿ ಬರುತ್ತದೆ. ಕಲ್ಲಿಗಾಗಿಯೇ, ಎಂದುಕೊಂಡಳು.

"ಆರು ವರ್ಷ."

ಎಷ್ಟು ಸಲೀಸಾಗಿ ಬಂತು! ಆರು ವರ್ಷದ ಹಿಂದೆ ಏನೂ ಆಗಿರಲಿಲ್ಲ. ಅವಳು ಏನೋ ಹೇಳುತ್ತಿದ್ದಾಗ ಸುಧೀಂದ್ರ ಟಿವಿಯ ಸದ್ದು ಏರಿಸಿದ್ದ. ಅವಳು ಮಾತು ನಿಲ್ಲಿಸಿದ್ದಳು. ಏನು ಹೇಳಹೊರಟಿದ್ದೆ ಎಂಬುದು ಈಗ ಅವಳಿಗೂ ಮರೆತಿತ್ತು.

"ಏನಾಗಿತ್ತವ್ವ?"

"ಏನೂ ಇಲ್ಲ. ಸುಮ್ನೆ ಕೂತಿದ್ರು."

"ಪುಣ್ಯವಂತ್ರು ಬುಡಿ. ನಮ್ಮೋನು ಮೂರ್ ವರ್ಸ ನಳ್ಳಾಡಿ, ನನ್ನೂ ನಳ್ಳಾಡ್ಸ್‌ಬುಟ್ಟು ವೋದ."

ಸುತ್ತ ನಿಂತಿದ್ದ ಊರ ಹೆಂಗಸರು ನಕ್ಕರು. ಪದ್ಮಳೂ ನಕ್ಕಳು.

"ಅತ್ಲಾಗೆ ತಿರೀಕ್ಕಳ್ರೇ ಎಲ್ಲ," ಎಂದಳು ಪುಟ್ಟಗೌರಮ್ಮ. "ಕುಂಕುಮ ಕಳ್ಕೊಂಡೋಳ ಮಕ ಯಾರೂ ನೋಡ್‌ಬಾರ್ದು."

ಎಲ್ಲರೂ ಗದ್ದೆಯ ಕಡೆ ಮುಖ ಮಾಡಿ ನಿಂತರು. ಪದ್ಮ ಕಲ್ಲಿಗೆ ಕಟ್ಟಿದ್ದ ಹಳದಿ ದಾರ ಕತ್ತರಿಸಿದಳು. ಕೆತ್ತಿದ ಹೆಣ್ಣಿನ ಮುಖದ ಮೇಲೆ ಎಣ್ಣೆ, ಅರಿಶಿನ, ಕುಂಕುಮ ಸೇರಿ ಬೆರಳು ದಪ್ಪದ ಪದರ. ಮರದ ಪಟ್ಟಿಯಿಂದ ಅಂಚು ಎಬ್ಬಿಸುತ್ತಾ ಹೋದಳು. ಒಮ್ಮೆಲೇ ಅಷ್ಟೂ ಕಳಚಿ ಅವಳ ಕೈಗೆ ಬಂತು.

ಕಲ್ಲಿನಲ್ಲಿ ಮುಖವಿರಲಿಲ್ಲ. ತಿಕ್ಕಿದ ಕೈಗಳಿಗೆ ಸವೆದು ಎಂದೋ ನುಣ್ಣಗಾಗಿತ್ತು. ಮೂಗು, ತುಟಿ, ಕಣ್ಣ ಕುಳಿ ಎಲ್ಲವೂ ಊರ ಹೆಂಗಸರು ಬೆರಳಲ್ಲಿ ತಿದ್ದಿದ್ದು. ಎಲ್ಲವೂ ಪದರದ ಜೊತೆ ಬಂದುಬಿಟ್ಟಿದ್ದವು.

ತಮ್ಮಯ್ಯನ ಬಳಿಯಿದ್ದ ಅವಳ ಫೋನು ಹೊಡೆದುಕೊಂಡಿತು. ಅವನು ಹೆಸರು ನೋಡಿದ. ಹೆಂಗಸರ ಬೆನ್ನುಗಳನ್ನು ನೋಡಿದ.

"ಯಾರು?"

"ಯಾರೂ ಇಲ್ಲ ಮೇಡಂ," ಎಂದು ಫೋನು ಆರಿಸಿದ.

"ಮುಗೀತೇನವ್ವ? ತಿರೀಕ್ಕಳಾವಾ?" ಪುಟ್ಟಗೌರಮ್ಮ ಕೂಗಿದಳು.

ಪದ್ಮ ಆ ಪದರ ಹಿಡಿದೇ ಸುತ್ತ ನೋಡಿದಳು. ತಂದ ಪೆಟ್ಟಿಗೆಗಳಲ್ಲಿ ಇದನ್ನು ಇಡುವಂಥದ್ದು ಒಂದೂ ಇರಲಿಲ್ಲ. ಹೆಂಗಸರು ಬೆನ್ನು ಹಾಕಿ ಸಾಲಾಗಿ ಕಾಯುತ್ತಲೇ ಇದ್ದರು. ಆ ಕೆಂಪು ಮುಖ ಬಿಸಿಲಿಗೆ ಮೆತ್ತಗಾಗಿ, ಅವಳ ಬೆರಳ ಸಂದಿಗಳಿಂದ ಕೆಳಗಿಳಿಯತೊಡಗಿತು.