ಹಂಗಾಮಿ ಡಾಕ್ಟರಮ್ಮ

ಪಾದದ ಡಾಕ್ಟರೆಂದರೆ ನಮ್ಮ ಕಡೆ ನಗುತ್ತಾರೆ. ನಗಲಿ. ಸಕ್ಕರೆ ಕಾಯಿಲೆಗೆ ಬೆರಳು ಕಪ್ಪಾದಾಗ ನಮ್ಮಂಥವರ ಹತ್ತಿರವೇ ಬರುತ್ತಾರೆ. ಓದು ಮುಗಿಸಿದ ನನಗೆ ವೈದ್ಯ ಮಂಡಳಿ ಕೊಟ್ಟಿದ್ದು ಹಂಗಾಮಿ ಲೈಸೆನ್ಸು. ಕಾಯಂ ಲೈಸೆನ್ಸಿರುವ ಡಾಕ್ಟರರ ಕಣ್ಣೆದುರಿಗೆ ಒಂದು ವರ್ಷ ದುಡಿಯಬೇಕು, ಒಬ್ಬಳೇ ಯಾರ ಕಾಲನ್ನೂ ಮುಟ್ಟಬಾರದು. ವರ್ಷ ತುಂಬಿದಾಗ ಅವರು ಸೈ ಎಂದರೆ ನನಗೂ ಕಾಯಂ.

ನನಗೆ ಸಿಕ್ಕವರು ಡಾಕ್ಟರ್ ಅಮರಗುಂಡಪ್ಪ. ಸಿಂಧನೂರಿನಲ್ಲೊಂದು ದವಾಖಾನೆ, ಲಿಂಗಸುಗೂರಿನಲ್ಲೊಂದು. ಸಾಲದ್ದಕ್ಕೆ ಮಸ್ಕಿಯಲ್ಲೂ ಒಂದು ತೆರೆದು, ಕೀಲಿಯನ್ನು ನನ್ನ ಕೈಗೆ ಕೊಟ್ಟರು.

“ನೀವು ಇರಲಾರದ ನಾ ಒಬ್ಬಾಕಿ ಹೆಂಗ ನೋಡ್ಲಿ ಸರ್? ಕಾನೂನಿಲ್ಲಲ್ರೀ” ಎಂದೆ.

“ನೀ ನನ್ನ ಮಗಳಿದ್ದಂಗ, ಗೌಸಿಯಾ. ಏನರ ಆದ್ರ ನಾ ಅದೀನಿ” ಎಂದರು. ನಂಬಿದೆ. ಹೆತ್ತ ಅಪ್ಪನ ಮಾತನ್ನೂ ನಾನು ಅಷ್ಟು ನಂಬಿದವಳಲ್ಲ.

ಇನ್ನೇನು ವರ್ಷ ತುಂಬಬೇಕು, ಮಂಡಳಿಯ ತಪಾಸಣೆಯವರು ಮಸ್ಕಿಗೆ ಬಂದರು. ಭತ್ತದ ನಾಟಿ ಮುಗಿದಿದ್ದ ದಿನಗಳು. ನಾನು ವಳಕಮದಿನ್ನಿಯ ಮುದುಕಿ ಹುಸೇನ್‌ಬೀಯ ಹಿಮ್ಮಡಿಯ ಗಾಯ ತೊಳೆಯುತ್ತಿದ್ದೆ. ಫೋನು ಹೋದದ್ದೇ ತಡ, ಅಮರಗುಂಡಪ್ಪನವರು ಲಿಂಗಸುಗೂರಿನಿಂದ ಕಾರಿನಲ್ಲಿ ಬಂದಿಳಿದರು. ನನಗೆ ಹೋದ ಜೀವ ಬಂದಂತಾಯಿತು.

“ಈಕಿನ್ನ ಒಬ್ಬಾಕಿನ್ನ ಇಲ್ಲಿ ಕುಂದ್ರಿಸಿದಾವ್ರು ನೀವಾದ್ರ, ನಿಮ್ಮ ಲೈಸೆನ್ಸೂ ಹೋಗ್ತದ” ಎಂದರು ತಪಾಸಣೆಯವರು.

ಹುಸೇನ್‌ಬೀಗೆ ನನ್ನ ಮೇಲೆ ಪ್ರೀತಿ. ನಡುವೆ ಬಾಯಿ ಹಾಕಿದಳು. “ಇವ್ರು ಹಂಗಾಮಿ ಡಾಕ್ಟ್ರು ಅಲ್ಲೇನ್ರೀ ಸಾಹೇಬ್ರ? ನಾಟಿ ಹಂಗಾಮಿನ್ಯಾಗ ನೀರಾಗ ನಿಂತು ನಮ್ಮ ಕಾಲು ಕೊಳಿತಾವು, ಅದಕ್ಕಂತ ಬಂದಾರ.”

ಕಾಲುವೆ ನೀರಿನವರಿಗೆ ಹಂಗಾಮೆಂದರೆ ಬೆಳೆಯ ಹಂಗಾಮು, ಬೇರೆ ಅರ್ಥವಿಲ್ಲ. ನನಗೆ ನಗು ಬಂತು. ಅಮರಗುಂಡಪ್ಪನವರು ಮಾತ್ರ ಆ ಮಾತನ್ನು ಗಬಕ್ಕನೆ ಹಿಡಿದುಕೊಂಡರು.

“ಹೌದ್ರೀ, ನಾಟಿ ಹಂಗಾಮಿಗಷ್ಟ ನನ್ನ ಕೈಕೆಳಗ ಇದ್ಲು. ಹಂಗಾಮ ಮುಗೀತು, ಇನ್ನ ಬರಬ್ಯಾಡ ಅಂದಿದ್ದೆ. ನನಗ ಹೇಳಲಾರದ ಬಾಗಲಾ ತಗದಾಳ.”

ಓದಿದ ಮನುಷ್ಯ, ಹಂಗಾಮಿ ಎಂದರೇನೆಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ. ರೆಪ್ಪೆ ಕೂಡ ಮಿಟುಕಿಸಲಿಲ್ಲ, ಪುಣ್ಯಾತ್ಮ.

“ಕೀಲಿ ಕೊಟ್ಟಾವ್ರು ಯಾರ್ರೀ ಸರ್?” ಎಂದೆ. ಅವರು ನನ್ನತ್ತ ನೋಡದೆ ತಪಾಸಣೆಯವರಿಗೆ ಚಹಾ ಹೇಳಿಕಳಿಸಿದರು.

“ನಿಮ್ಮ ಲೈಸೆನ್ಸ್ ಇವತ್ತಿಗೆ ರದ್ದು. ಇನ್ನ ಯಾರ ಕಾಲೂ ಮುಟ್ಟಬ್ಯಾಡ್ರಿ” ಎಂದು ಹೇಳಿ ತಪಾಸಣೆಯವರು ಹೊರಗೆ ಹೋದರು.

ಹುಸೇನ್‌ಬೀಯ ಗಾಯ ತೆರೆದೇ ಇತ್ತು. ಅಮರಗುಂಡಪ್ಪನವರು ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಈ ಮುದುಕಿಗೊಂದು ಪಟ್ಟಿ ಕಟ್ಟಿ ಹೋಗವ್ವ.”

ನಾನು ಕೈ ಒರೆಸಿಕೊಂಡು ಎದ್ದೆ. ಹುಸೇನ್‌ಬೀ ನನ್ನ ದುಪಟ್ಟಾದ ಅಂಚು ಹಿಡಿದಳು. “ಬೇಟೀ, ನಾ ಏನರ ತಪ್ಪ ಮಾತಾಡಿದ್ನೇನ?”

ಇಲ್ಲ ಎನ್ನಬೇಕಿತ್ತು. ದುಪಟ್ಟಾ ಬಿಡಿಸಿಕೊಂಡು, ಆ ಕಾಲನ್ನು ಹಾಗೆಯೇ ಬಿಟ್ಟು ಹೊರಟೆ.