ಮೂರಕ್ಕೂ ಒಪ್ಪಿಗೆ

ಮಂತ್ರಿಮಂಡಲ ಮೂರು ಆಯ್ಕೆಗಳಿಗೂ ಒಪ್ಪಿಗೆ ಕೊಟ್ಟಿದೆ ಎಂದು ಕೇಳಿದಾಗ ಪುರುಷೋತ್ತಮನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮಂಗಳೂರಿನಲ್ಲಿ ಮೀನುಗಾರಿಕೆ ಓದಿ, ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ನೆಲೆಸಿದ್ದ ಅವನು ಮೋರುವಾ ಎಂಬ ಪುಟ್ಟ ದ್ವೀಪದೇಶದ ಸಲಹೆಗಾರ. ಅಲ್ಲಿನ ಟ್ಯೂನಾ ಮೀನಿನ ಡಬ್ಬಿ ಕಾರ್ಖಾನೆಯನ್ನು ಐದು ವರ್ಷದ ಹಿಂದೆ, ೧೯೮೮ರಲ್ಲಿ, ನಿಂತು ಕಟ್ಟಿಸಿದವನೂ ಅವನೇ. ಈಗ ಚುನಾವಣೆಯ ಹುರುಪಿನಲ್ಲಿ ಆ ದೇಶ ನೆರೆಯ ದ್ವೀಪಗಳ ವ್ಯಾಪಾರ ಒಕ್ಕೂಟವನ್ನು ಬಿಡುವುದಾಗಿ ಸಾರಿಬಿಟ್ಟಿತ್ತು. ಹೇಗೆ ಬಿಡುತ್ತೇವೆಂದು ಈ ಶುಕ್ರವಾರ ಸಂಜೆಯೊಳಗೆ ತಿಳಿಸಬೇಕು. ಬೇರೆ ಒಪ್ಪಂದ ಮಾಡಿಕೊಳ್ಳಬಹುದು, ಕಾಲಾವಕಾಶ ಕೇಳಬಹುದು, ಇಲ್ಲವೇ ಸುಮ್ಮನೆ ಹೊರಬೀಳಬಹುದು. ಸುಮ್ಮನೆ ಹೊರಬಿದ್ದರೆ ಸೋಮವಾರದಿಂದಲೇ ಡಬ್ಬಿಗಳ ಮೇಲೆ ಸುಂಕ, ಕಾರ್ಖಾನೆಗೆ ಬೀಗ.

"ಸರ್ಕಾರದಲ್ಲಿ ಮೂರು ಪಕ್ಷ, ಒಬ್ಬೊಬ್ಬರಿಗೂ ಒಂದೊಂದು ಆಯ್ಕೆ. ನನ್ನದಕ್ಕೆ ನೀನು ಕೈ ಎತ್ತು, ನಿನ್ನದಕ್ಕೆ ನಾನು ಅಂತ ಮೂರನ್ನೂ ಪಾಸು ಮಾಡಿದ್ದಾರೆ ಮಾರಾಯ್ರೆ!" ಎಂದ ಪುರುಷೋತ್ತಮ.

ಈ ಆಯ್ಕೆಗಳ ಬಗ್ಗೆ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅರ್ಧ ಭಾಗ ಬರೆದಿದ್ದ ಅರ್ಥಶಾಸ್ತ್ರಜ್ಞೆ ವಿಜಯಾ ಬೆಳಿಗ್ಗೆಯಷ್ಟೇ ಮೆಲ್ಬರ್ನಿನಿಂದ ಬಂದಿದ್ದಳು. ಮೋರುವಾದ ವ್ಯಾಪಾರ ಮಂತ್ರಿ ಸಿಡ್ನಿಯಲ್ಲಿ ಇಳಿದುಕೊಂಡಿದ್ದ ಹೋಟೆಲಿನ ಲಾಬಿಯಲ್ಲಿ ಇಬ್ಬರೂ ಕೂತಿದ್ದರು.

"ಲ್ಯಾಬ್‌ನಲ್ಲಿ ಮೂರು ರೀಡಿಂಗ್ ಮೂರು ಥರ ಬಂದ್ರೆ ಏನ್ ಮಾಡ್ತಿದ್ರಿ?"

"ಪುನಃ ಮಾಡುವುದು."

"ಹಂಗಾದ್ರೆ ಟೈಮ್ ಕೇಳ್ಸಿ. ಟೈಮ್ ಸಿಕ್ರೆ ಉಳಿದ ಎರಡೂ ಜೀವ ಹಿಡ್ಕೊಂಡಿರ್ತವೆ."

ಮಂತ್ರಿಗೆ ಅದು ಹಿಡಿಸಿತು. "ಆದರೆ ಕಾಲಾವಕಾಶ ಎನ್ನಬೇಡಿ. ಬಿಡುತ್ತೇವೆ ಎಂದು ಓಟು ಕೇಳಿದವರು ನಾವು."

ಪುರುಷೋತ್ತಮ ಹಲ್ಲು ಕಚ್ಚಿ, ಒಕ್ಕೂಟಕ್ಕೆ ಬರೆದ ಪತ್ರದಲ್ಲಿ 'ಹೊರಹೋಗುವ ಸಿದ್ಧತೆಯ ಅವಧಿ' ಎಂದು ತಿದ್ದಿದ. ಮಂತ್ರಿ ಸಹಿ ಹಾಕಿದರು. ಎಲ್ಲಿಯವರೆಗೆ ಎಂಬ ಜಾಗ ಖಾಲಿಯೇ ಇತ್ತು.

"ಅವಧಿ ಬರೆಯದಿದ್ದರೆ ಒಕ್ಕೂಟದವರು ತೆಗೆದುಕೊಳ್ಳುವುದಿಲ್ಲ, ಸರ್."

"ನೀವು ತಜ್ಞರು. ಸೂಕ್ತ ಕಂಡದ್ದನ್ನು ತುಂಬಿ," ಎಂದು ಮಂತ್ರಿ ವಿಮಾನ ನಿಲ್ದಾಣಕ್ಕೆ ಹೊರಟೇಬಿಟ್ಟರು.

ಹೋಟೆಲಿನ ಫ್ಯಾಕ್ಸ್ ಯಂತ್ರದ ಮುಂದೆ ಪುರುಷೋತ್ತಮನ ಮೈ ಉರಿಯುತ್ತಿತ್ತು. ಅಳೆಯದ ಸಂಖ್ಯೆಯನ್ನು ಅವನು ಈವರೆಗೆ ಎಲ್ಲೂ ಬರೆದವನಲ್ಲ.

"ನಾಳೆ ಎಡವಟ್ಟಾದ್ರೆ ಹೊರಗಿನೋನು ಬರೆದ ಅಂತಾರೆ," ಎಂದಳು ವಿಜಯಾ. "ಅದಕ್ಕೇ ಖಾಲಿ ಬಿಟ್ಟಿರೋದು."

"ಗೊತ್ತುಂಟು."

ಅವನು 'ಒಂದು ವರ್ಷ' ಎಂದು ಬರೆದ.

"ಒಂದೇ ಯಾಕೆ?"

"ಎರಡು ಅಂದ್ರೆ ಒಕ್ಕೂಟ ಒಪ್ಪುವುದಿಲ್ಲ. ಆರು ತಿಂಗಳು ಅಂದ್ರೆ ಇವರು ಕುರ್ಚಿ ಎಳೆದು ಕೂರುವಷ್ಟರಲ್ಲಿ ಮುಗಿದಿರ್ತದೆ."

ಫ್ಯಾಕ್ಸ್ ಹೋಯಿತು, ತಲುಪಿದೆ, ತೀರ್ಮಾನವಾಗುವವರೆಗೆ ಸುಂಕವಿಲ್ಲ ಎಂಬ ಉತ್ತರವೂ ಬಂತು. ಸ್ವಲ್ಪ ಹೊತ್ತಿಗೆ ರಿಸೆಪ್ಷನ್ನಿನ ಫೋನಿಗೆ ಮಂತ್ರಿಯ ಕರೆ.

"ಎಷ್ಟು ಬರೆದಿರಿ?"

"ಒಂದು ವರ್ಷ, ಸರ್."

"ಒಂದೇ? ಎರಡಾದರೂ ಬರೆಯುತ್ತೀರಿ ಎಂದುಕೊಂಡಿದ್ದೆ. ಇರಲಿ, ಇದು ನಿಮ್ಮ ನಿರ್ಧಾರ ಎಂದು ರೇಡಿಯೋದಲ್ಲಿ ಹೇಳಿಬಿಡುತ್ತೇನೆ."

ಅವನು ಬಾಯಿ ತೆರೆಯುವ ಮೊದಲೇ ಲೈನು ಕಟ್ಟಾಯಿತು. ಪುರುಷೋತ್ತಮ ರಿಸೀವರನ್ನು ಕುಕ್ಕಿದ. ಮತ್ತೆ ಎತ್ತಿಕೊಂಡು, ಸೋಮವಾರ ಎಲ್ಲರೂ ಕೆಲಸಕ್ಕೆ ಬರಲಿ ಎಂದು ಹೇಳಲು ಕಾರ್ಖಾನೆಯ ನಂಬರು ಒತ್ತತೊಡಗಿದ.